ಆನ್ ಆರ್ಬರ್‌ನ ಪರಿಸರ ಸಭೆಗಳು

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಇರುವ ಊರು ಆನ್ ಆರ್ಬರ್. 1965ರ ಮಾರ್ಚ್‌ನಲ್ಲಿ ಇಲ್ಲಿನ ಅಧ್ಯಾಪಕರು ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ರಾತ್ರಿಯಿಡೀ ಉಪನ್ಯಾಸ, ಚರ್ಚೆ ನಡೆಸಿದರು. ಪಾಠವನ್ನೇ ಪ್ರತಿಭಟನೆಯಾಗಿಸಿದ ಈ ಕ್ರಮಕ್ಕೆ ‘ಟೀಚ್-ಇನ್’ ಎಂಬ ಹೆಸರು ಬಿತ್ತು.

ಐದು ವರ್ಷಗಳ ನಂತರ ಅದೇ ಕ್ರಮ ಪರಿಸರದತ್ತ ತಿರುಗಿತು. ಮೊದಲ ಭೂ ದಿನಕ್ಕೆ ಒಂದು ತಿಂಗಳಿಗೂ ಮೊದಲೇ, 1970ರ ಮಾರ್ಚ್‌ನಲ್ಲಿ, ವಿದ್ಯಾರ್ಥಿಗಳು ಏರ್ಪಡಿಸಿದ ಸಭೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಜೀವವಿಜ್ಞಾನಿ ಬ್ಯಾರಿ ಕಾಮನರ್, ಸೆನೆಟರ್ ಗೇಲಾರ್ಡ್ ನೆಲ್ಸನ್ ಮಾತನಾಡಿದರು. ಆವರಣದಲ್ಲಿ ಹಳೆಯ ಫೋರ್ಡ್ ಕಾರೊಂದರ ಅಣಕು ವಿಚಾರಣೆ ನಡೆಯಿತು. ಅಪರಾಧಿಯೆಂದು ತೀರ್ಪಾದ ಮೇಲೆ ಅದನ್ನು ಸುತ್ತಿಗೆಗಳಿಂದ ಜಜ್ಜಲಾಯಿತು.

ಆದರೆ ಹೊಗೆ, ವಿಷ ಯಾರ ಮನೆಯಂಗಳಕ್ಕೆ ಹೆಚ್ಚು ಬೀಳುತ್ತದೆ ಎಂಬ ಪ್ರಶ್ನೆ ಮುನ್ನೆಲೆಗೆ ಬರಲು ಇನ್ನೂ ಹಲವು ವರ್ಷ ಬೇಕಾದವು. 1982ರಲ್ಲಿ ಉತ್ತರ ಕೆರೊಲಿನಾದ ವಾರನ್ ಕೌಂಟಿಯ ಕಪ್ಪು ಜನರು ವಿಷಯುಕ್ತ ಮಣ್ಣು ತಂದ ಲಾರಿಗಳಿಗೆ ರಸ್ತೆಯಲ್ಲೇ ಅಡ್ಡ ಮಲಗಿದರು. ನ್ಯಾಯದ ಪ್ರಶ್ನೆಗೆ ದೇಶದ ಗಮನ ಸೆಳೆದಿದ್ದು ಈ ಪ್ರತಿಭಟನೆ. 1990ರಲ್ಲಿ ಪ್ರಾಧ್ಯಾಪಕರಾದ ಬನ್ಯನ್ ಬ್ರಯಂಟ್ ಮತ್ತು ಪಾಲ್ ಮೊಹಾಯ್ ಜನಾಂಗ ಹಾಗೂ ಮಾಲಿನ್ಯದ ಸಂಬಂಧ ಕುರಿತು ಮಿಷಿಗನ್‌ನಲ್ಲೇ ಸಮ್ಮೇಳನ ಕರೆದರು. ಅಲ್ಲಿ ಮಂಡಿಸಿದ ಅಧ್ಯಯನಗಳು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆಯವರೆಗೂ ತಲುಪಿದವು.

1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶಕ್ಕೆ ಸಹಿ ಹಾಕಿದರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ರದ್ದುಪಡಿಸಿದರು.