ಎಂಬತ್ತು ಸೀಟುಗಳ ಏಣಿ

ಬಡವರ ಮನೆಯ ಜಾಣ ಮಕ್ಕಳನ್ನು ಸರ್ಕಾರವೇ ಗುರುತಿಸಿ ಓದಿಸಬೇಕೆಂಬ ಮಾತು ನಮ್ಮಲ್ಲಿ ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಇಪ್ಪತ್ತು ವರ್ಷಗಳ ನಂತರ, 1882ರಲ್ಲಿ ನೇಮಕವಾದ ಹಂಟರ್ ಆಯೋಗವು ಮುಸ್ಲಿಂ ವಿದ್ಯಾರ್ಥಿಗಳಿಗೆ ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗೆ ಹಂತಹಂತವಾಗಿ ವಿಶೇಷ ವಿದ್ಯಾರ್ಥಿವೇತನ ನೀಡಬೇಕೆಂದು ಶಿಫಾರಸು ಮಾಡಿತು. ಆದರೆ ಏಣಿ ಹತ್ತಬೇಕಾದರೆ ಮೊದಲು ಅದರ ಬುಡದವರೆಗೆ ಹೋಗಬೇಕು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಕಾಡಿನ ನಡುವಿನ ಕೇರಿಗಳಿಗೆ ಆ ದಾರಿಯೇ ದೂರದ್ದು.

ಈ ಜಿಲ್ಲೆಯಲ್ಲಿ ಅದನ್ನು ಕಂಡುಕೊಂಡವರು ಕವಿ ದಿನಕರ ದೇಸಾಯಿ. ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ರೈತ ಮತ್ತು ಕೂಲಿಕಾರರ ಮಕ್ಕಳ ಸಮೀಪಕ್ಕೆ ಪ್ರೌಢಶಾಲೆಗಳನ್ನು ತಂದರು. ಮೊದಲು ಶಾಲೆ, ಆಮೇಲೆ ಆಯ್ಕೆ ಎಂಬುದು ಆ ಕೆಲಸದ ತಿರುಳು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ಬೆಳೆದ ನವೋದಯ ಯೋಜನೆ ಆಯ್ಕೆಯಿಂದಲೇ ಆರಂಭಿಸಿತು. ಜಿಲ್ಲೆಗೊಂದು ಶಾಲೆ, ಆರನೇ ತರಗತಿಗೆ ಎಂಬತ್ತು ಸೀಟು, ಊಟ-ವಸತಿ ಉಚಿತ. ನಮ್ಮ ಜಿಲ್ಲೆಯ ನವೋದಯ ಇರುವುದು ಮುಂಡಗೋಡ ತಾಲ್ಲೂಕಿನಲ್ಲಿ. ಐದನೇ ತರಗತಿಯ ಮಗುವಿಗೆ ಒಂದೇ ಅವಕಾಶ, ಎರಡು ಗಂಟೆಯ ಪರೀಕ್ಷೆ. ಅದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದೆಂಬುದು ಸಮಾಧಾನದ ಸಂಗತಿ.

ಕನಿಷ್ಠ ಶೇ. 75 ಸೀಟುಗಳು ಗ್ರಾಮೀಣ ಮಕ್ಕಳಿಗೆ. ಇದು ನ್ಯಾಯವೇ. ಆದರೆ ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದು ದಿನ ನಗರದ ಶಾಲೆಯಲ್ಲಿ ಓದಿದರೂ ಆ ಮಗು ನಗರದ್ದೆಂದೇ ಲೆಕ್ಕ. 2001ರ ಜನಗಣತಿಯಂತೆ ದೇಶದ ಮುಸ್ಲಿಮರಲ್ಲಿ ಶೇ. 35.7ರಷ್ಟು ಜನ ನಗರವಾಸಿಗಳು; ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ. 27.8. ಮುಸ್ಲಿಮರ ಸಾಕ್ಷರತೆ ಶೇ. 59.1, ದೇಶದ ಸರಾಸರಿ ಶೇ. 65.1 ಎಂದು 2006ರ ಸಾಚಾರ್ ವರದಿ ತೋರಿಸಿತು. ಊರು ಪೇಟೆಯಾದ ಮಾತ್ರಕ್ಕೆ ಮನೆ ಸಿರಿವಂತವಾಗುವುದಿಲ್ಲ. ಶಿರಸಿ ಪೇಟೆಯ ಹಮಾಲಿಯ ಮಗಳು ಮತ್ತು ಅದೇ ಪೇಟೆಯ ವೈದ್ಯರ ಮಗ ಉಳಿದ ಕಾಲು ಭಾಗದಲ್ಲಿ ಎದುರುಬದುರಾಗಬೇಕು. 2021-22ರಿಂದ ಇತರ ಹಿಂದುಳಿದ ವರ್ಗಗಳಿಗೂ ಮೀಸಲಾತಿ ಬಂದಿದೆಯಾದರೂ ಪೇಟೆ-ಹಳ್ಳಿಯ ಗೆರೆ ಅಳಿಸಿಲ್ಲ.

ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಕಷ್ಟ ಬೇರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳವರಿರುವ ಈ ಸಮುದಾಯ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತು ಪ್ರವೇಶಿಸಿದರು. ಸಿದ್ದಿ ಮಗುವಿಗೆ ಹಳ್ಳಿಯ ಹಕ್ಕೂ ಇದೆ, ಮೀಸಲಾತಿಯೂ ಇದೆ. ಆದರೆ ಅರ್ಜಿ ತುಂಬಿಸಿ, ಲೆಕ್ಕ ಕಲಿಸಿ ಪರೀಕ್ಷೆಗೆ ಕೂರಿಸುವವರು ಬೇಕಲ್ಲ!

ಇದ್ದ ಶಾಲೆಯಲ್ಲೇ ಮಗುವನ್ನು ಬೆಂಬಲಿಸುವ ದಾರಿಯೂ ಒಂದಿದೆ. 2008ರಲ್ಲಿ ಆರಂಭವಾದ ಎನ್‌ಎಂಎಂಎಸ್ ಯೋಜನೆಯಡಿ ಎಂಟನೇ ತರಗತಿಯಲ್ಲಿ ಪರೀಕ್ಷೆ ನಡೆಯುತ್ತದೆ. ಸರ್ಕಾರಿ, ಅನುದಾನಿತ ಶಾಲೆಗಳ ಬಡ ಮಕ್ಕಳು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಇಲ್ಲಿ ಪೇಟೆ-ಹಳ್ಳಿಯ ಗೋಡೆಯಿಲ್ಲ.

ನವೋದಯ ಬೇಡವೆಂದಲ್ಲ. ಎಂಬತ್ತು ಸೀಟುಗಳಿಂದ ಜಿಲ್ಲೆಯ ಪ್ರತಿಭೆಯನ್ನು ಅಳೆಯಬಾರದು, ಅಷ್ಟೆ. ಗ್ರಾಮೀಣ ಪಾಲನ್ನು ಮುಟ್ಟದೆ, ಉಳಿದ ಪಾಲಿನಲ್ಲಿ ಪೇಟೆಯ ಬಡವರಿಗೆ ಆದಾಯದ ಆಧಾರದಲ್ಲಿ ಜಾಗ ಕೊಡಬೇಕು. ಉರ್ದು ಶಾಲೆಯಿರಲಿ, ಕಾಡಿನ ಕಿರಿಯ ಪ್ರಾಥಮಿಕ ಶಾಲೆಯಿರಲಿ, ಐದನೇ ತರಗತಿಯ ಪ್ರತಿ ಮಗುವಿಗೂ ಅರ್ಜಿ ತಲುಪಿಸುವುದು ಇಲಾಖೆಯ ಹೊಣೆಯಾಗಬೇಕು. ನಮ್ಮ ಜಮಾಅತ್‌ಗಳೂ ಸಂಘಗಳೂ ಎಸ್ಸೆಸ್ಸೆಲ್ಸಿಯಲ್ಲಿ ಗೆದ್ದವರಿಗೆ ಶಾಲು ಹೊದಿಸುವ ಮೊದಲೇ, ಹತ್ತು ವರ್ಷದ ಮಗುವಿನ ಪಕ್ಕ ಕೂತು ಲೆಕ್ಕ ಹೇಳಿಕೊಡಲಿ.