ನರ ನಶಿಸುವ ಬಗೆ, ಕಣ್ಣು ಕುಂದುವ ಬಗೆ

ಹೊರಗಿನ ಪೆಟ್ಟಿಲ್ಲದೆ, ಕಾಣುವಂಥ ಸೋಂಕೂ ಇಲ್ಲದೆ, ದೇಹದ ಒಂದು ಅಂಗವು ತನ್ನಷ್ಟಕ್ಕೆ ತಾನೇ ಕುಂದಿ ನಿರುಪಯುಕ್ತವಾಗುವ ಅಪಕ್ಷಯವನ್ನು ವೈದ್ಯರು ಬಹುಕಾಲದವರೆಗೆ ಪೋಷಣೆ ತಪ್ಪಿದುದರ ಸಹಜ ಪರಿಣಾಮವೆಂದೇ ಎಣಿಸುತ್ತಿದ್ದರು. ಎಣ್ಣೆ ತೀರಿದ ಹಣತೆ ನಂದುವುದಕ್ಕೆ ಬೇರೆ ಕಾರಣವನ್ನು ಹುಡುಕುವ ಅಗತ್ಯವೇನೆಂಬ ಭಾವ ಅವರದು. ಅಕ್ಷಿಪಟಲ ಹಾಗೂ ನರಗಳ ವಿಷಯದಲ್ಲಿ ಕಳೆದ ಒಂದೂಮುಕ್ಕಾಲು ಶತಮಾನದಿಂದ ನಡೆದುಬಂದಿರುವ ಸಂಶೋಧನೆಯು ಈ ಭಾವವನ್ನು ಹಂತಹಂತವಾಗಿ ಸಡಿಲಿಸಿ, ನಶಿಸುವುದೂ ಜೀವಕೋಶವು ತಾನಾಗಿ ನಡೆಸುವ ಒಂದು ಕ್ರಿಯೆಯೆಂಬ, ಮೊದಲ ಕೇಳ್ವಿಗೆ ವಿಚಿತ್ರವಾಗಿ ತೋರುವ ನಿರ್ಣಯಕ್ಕೆ ಬಂದು ನಿಂತಿದೆ.

ಈ ಎರಡನ್ನು ಜೊತೆಗೂಡಿಸಿ ಹೇಳುವುದಕ್ಕೆ ಕಾರಣವುಂಟು. ಅಕ್ಷಿಪಟಲವು ಭ್ರೂಣಾವಸ್ಥೆಯಲ್ಲಿ ಮಿದುಳಿನಿಂದಲೇ ಹೊರಚಾಚಿ ಬೆಳೆದ ಭಾಗವಾದುದರಿಂದ ಅದರ ರೋಗವೂ ಒಂದರ್ಥದಲ್ಲಿ ನರರೋಗವೇ. ಎರಡರ ಅಧ್ಯಯನವೂ ಹೆಚ್ಚುಕಡಿಮೆ ಏಕಕಾಲದಲ್ಲಿಯೇ ಮೊದಲಾಯಿತು. 1850ರಲ್ಲಿ ಆಗಸ್ಟಸ್ ವಾಲರ್ ಎಂಬ ಆಂಗ್ಲ ವೈದ್ಯನು ಕಪ್ಪೆಯ ನಾಲಗೆಗೆ ಹೋಗುವ ನರಗಳನ್ನು ಕತ್ತರಿಸಿ, ಮೂಲದಿಂದ ಬೇರ್ಪಟ್ಟ ತುದಿಯ ಭಾಗವು ಕೆಲವೇ ದಿನಗಳಲ್ಲಿ ತುಣುಕುತುಣುಕಾಗಿ ಶಿಥಿಲವಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಲಂಡನ್ನಿನ ರಾಯಲ್ ಸೊಸೈಟಿಗೆ ನಿವೇದಿಸಿದನು. ಅದೇ ವರ್ಷದ ಕೊನೆಯಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್, ಜೀವಂತ ಮನುಷ್ಯನ ಕಣ್ಣಿನ ಒಳಗೋಡೆಯನ್ನು ನೋಡಿಸಬಲ್ಲ ನೇತ್ರದರ್ಶಕವನ್ನು ಪ್ರಕಟಪಡಿಸಿದನು. ಆ ಉಪಕರಣವು ಕೈಗೆ ಬಂದ ಕೆಲವೇ ವರ್ಷಗಳಲ್ಲಿ ಹಾಲೆಂಡಿನ ಡಾಂಡರ್ಸ್, ಇರುಳುಗಣ್ಣಿನಿಂದ ಆರಂಭವಾಗಿ ನೋಟದ ವಲಯವು ಅಂಚಿನಿಂದ ಕಿರಿದಾಗುತ್ತ ಬರುವ ಕುಲಗತ ರೋಗದಲ್ಲಿ ಅಕ್ಷಿಪಟಲದ ಮೇಲೆ ಕರಿಯ ವರ್ಣಕಣಗಳು ಚೆದರಿರುವುದನ್ನು ವರ್ಣಿಸಿ, ಅದಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಹೆಸರಿಟ್ಟನು. ಅದು ಉರಿಯೂತವೆಂಬ ಊಹೆ ಬಿದ್ದುಹೋಗಿ ಬಹುಕಾಲವಾಯಿತು. ಹೆಸರು ಮಾತ್ರ ಉಳಿದಿದೆ.

ವಾಲರನ ಮತದಲ್ಲಿ ನರದ ಕೋಶಕಾಯವೇ ಪೋಷಣೆಯ ಕೇಂದ್ರ. ಅದರ ಸಂಬಂಧ ಕಡಿದರೆ ನರತಂತುವು ಉಪವಾಸದಿಂದ ಸಾಯತಕ್ಕದ್ದು. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲನಂಥ ಅಸಾಮಾನ್ಯ ವೀಕ್ಷಕನು ಸಹ ಈ ಮೂಲಭಾವನೆಯನ್ನು ಅಲುಗಿಸಲಿಲ್ಲ. ಆರ್ಜೆಂಟೀನಾದಲ್ಲಿ ನೆಲಸಿದ್ದ ಸ್ಪ್ಯಾನಿಷ್ ವೈದ್ಯರ ಧನಸಹಾಯದಿಂದ 1913-14ರಲ್ಲಿ ಬೆಳಕು ಕಂಡ, ನರಮಂಡಲದ ಅಪಕ್ಷಯ ಮತ್ತು ಪುನರುದ್ಭವವನ್ನು ಕುರಿತ ಅವನ ಬೃಹದ್‌ಗ್ರಂಥವು, ಕೈಕಾಲುಗಳ ನರಗಳು ಮತ್ತೆ ಚಿಗುರಬಲ್ಲವಾದರೂ ಪ್ರೌಢ ಮಿದುಳಿನ ಮತ್ತು ಬೆನ್ನುಹುರಿಯ ತಂತುಗಳು ಮೊಳೆತಂತೆ ಮಾಡಿ ಅಷ್ಟಕ್ಕೇ ಮುದುಡಿಕೊಳ್ಳುವುವೆಂದು ಸಾರಿ, ಮುಂದಿನ ಎರಡು ತಲೆಮಾರುಗಳ ಉತ್ಸಾಹವನ್ನು ತಣ್ಣಗಾಗಿಸಿತೆಂದರೆ ಅತಿಶಯೋಕ್ತಿಯಲ್ಲ.

ಅಕ್ಷಿಪಟಲದ ಕಡೆಯಲ್ಲಿ ಹೊಸ ದಾರಿಯನ್ನು ತೆರೆದುದು ಆಕಸ್ಮಿಕ. 1924ರಲ್ಲಿ ಹಾರ್ವರ್ಡಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಕ್ಲೈಡ್ ಕೀಲರನು ಇಲಿಯ ಕಣ್ಣಿನ ತೆಳುಪದರಗಳನ್ನು ಪರೀಕ್ಷಿಸುತ್ತಿದ್ದಾಗ, ಮಬ್ಬುಬೆಳಕಿನಲ್ಲಿ ನೋಡಲು ಬೇಕಾದ ದಂಡಕೋಶಗಳೇ ಇಲ್ಲದ ಅಕ್ಷಿಪಟಲವೊಂದು ಎದುರಾಯಿತು. ಆ ನ್ಯೂನತೆಯು ಮೆಂಡೆಲನ ನಿಯಮಾನುಸಾರ ಪೀಳಿಗೆಯಿಂದ ಪೀಳಿಗೆಗೆ ಇಳಿಯುವುದನ್ನು ಅವನು ತೋರಿಸಿಕೊಟ್ಟನು. ದಂಡಕೋಶಗಳು ಹುಟ್ಟಲೇ ಇಲ್ಲವೆಂದು ಕೀಲರನ ಎಣಿಕೆ. 1951ರಲ್ಲಿ ಬಾಸೆಲ್ ನಗರದಲ್ಲಿ ಬ್ರುಕ್ನರನು ಗುರುತಿಸಿದ, ತದ್ವತ್ ಲಕ್ಷಣವುಳ್ಳ ಇಲಿಗಳಲ್ಲಿ ಅವು ಹುಟ್ಟಲು ತೊಡಗಿ, ಮರಿಗೆ ಮೂರು ವಾರ ತುಂಬುವುದರೊಳಗೆ ಬಹುಮಟ್ಟಿಗೆ ನಾಶವಾಗುವುದು ಸ್ಪಷ್ಟವಾಯಿತು. ಇವೆರಡೂ ಒಂದೇ ದೋಷವೇ ಎಂಬುದನ್ನು ನಿರ್ಣಯಿಸಲು ಕೀಲರನ ಇಲಿಗಳ ವಂಶವೇ ಉಳಿದಿರಲಿಲ್ಲ. ಉಳಿದಿದ್ದುದು ಗಾಜಿನ ಪಟ್ಟಿಗಳ ಮೇಲೆ ಅಂಟಿಸಿದ್ದ ಹಳೆಯ ತೆಳುಪದರಗಳು ಮಾತ್ರ. ಎಪ್ಪತ್ತು ವರ್ಷಗಳ ಅನಂತರ ಅವುಗಳಿಂದಲೇ ಡಿಎನ್‌ಎಯನ್ನು ತೆಗೆದು ಹೋಲಿಸಿ, ದೋಷವು ಒಂದೇ ಎಂದು 1993ರಲ್ಲಿ ಸಿದ್ಧಪಡಿಸಿದ ಪ್ರಬಂಧದ ಕರ್ತೃಗಳಲ್ಲಿ ತೊಂಬತ್ತನ್ನು ದಾಟಿದ್ದ ಕೀಲರನೂ ಒಬ್ಬನು. ತನ್ನ ಯೌವನದ ಶೋಧವನ್ನು ಇಷ್ಟು ತಡವಾಗಿ, ಸ್ವತಃ ಪಾಲ್ಗೊಂಡು ಪೂರ್ಣಗೊಳಿಸುವ ಭಾಗ್ಯ ವಿಜ್ಞಾನಿಗಳಲ್ಲಿ ಎಷ್ಟು ಮಂದಿಗೆ ದೊರೆತೀತು! ದೋಷಪೂರಿತವಾದ ಜೀನು ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವದ್ದಾಗಿತ್ತು. ಬೆಳಕು ಬಿದ್ದ ಸಂಕೇತವನ್ನು ಮುಂದಕ್ಕೆ ದಾಟಿಸುವುದು ಈ ಕಿಣ್ವದ ಕೆಲಸ. ಅದೇ ಜೀನಿನ ದೋಷವು ಮನುಷ್ಯರ ರೋಗದಲ್ಲಿಯೂ ಕಂಡುಬಂದಿತು.

1938ರಲ್ಲಿ ವರ್ಣಿತವಾದ ಇನ್ನೊಂದು, ದೊಡ್ಡ ಜಾತಿಯ ಇಲಿಯ ಪಾಠ ಬೇರೆ. ದಂಡಕೋಶಗಳು ತಮ್ಮ ಹೊರತುದಿಯ ಸುಮಾರು ಹತ್ತನೆಯ ಒಂದು ಪಾಲನ್ನು ದಿನದಿನವೂ ಕಳಚಿಹಾಕಿ ಹೊಸತನ್ನು ಕಟ್ಟಿಕೊಳ್ಳುತ್ತವೆ. ಕಳಚಿದುದನ್ನು ಬೆನ್ನಿಗಿರುವ ವರ್ಣಕೋಶಗಳ ಪದರವು ನುಂಗಿ ಜೀರ್ಣಿಸಿಕೊಳ್ಳುತ್ತದೆ. ಈ ಇಲಿಗಳಲ್ಲಿ ವರ್ಣಕೋಶಗಳು ನುಂಗಲಾರವು. ಕಸವು ರಾಶಿಬಿದ್ದು ಅದರಡಿಯಲ್ಲಿ ದಂಡಕೋಶಗಳು ಸಾಯುತ್ತವೆ. ಆರೋಗ್ಯವಂತ ಮತ್ತು ರೋಗಿ ಭ್ರೂಣಗಳ ಕೋಶಗಳನ್ನು ಬೆರೆಸಿ ಬೆಳೆಸಿದ ಮಿಶ್ರ ಇಲಿಗಳಿಂದ ಇದನ್ನು 1976ರಲ್ಲಿ ಮುಲನ್ ಮತ್ತು ಲಾವೇಲ್ ನಿಸ್ಸಂದೇಹವಾಗಿ ತೋರಿಸಿದರು. ಸಾಯುವ ಕೋಶವೊಂದು, ಅಪರಾಧಿ ಕೋಶ ಮತ್ತೊಂದು.

ಸಾವಿನ ಸ್ವರೂಪವನ್ನೇ ಪ್ರಶ್ನಿಸಿದವರು ಕಣ್ಣಿನ ತಜ್ಞರಲ್ಲ. ಕೆರ್, ವೈಲಿ, ಕರೀ ಎಂಬ ಮೂವರು 1972ರಲ್ಲಿ, ಕೋಶವು ಊದಿ ಒಡೆಯದೆ, ಕ್ರಮಬದ್ಧವಾಗಿ ಕುಗ್ಗಿ ಹೋಳಾಗಿ ನೆರೆಯ ಕೋಶಗಳಿಗೆ ಆಹಾರವಾಗುವ ಅಪೋಪ್ಟೋಸಿಸ್ ಎಂಬ ಮರಣವನ್ನು ವಿವರಿಸಿದರು. ಸೀನೋರಾಬ್ಡೈಟಿಸ್ ಎಲಿಗನ್ಸ್ ಎಂಬ ಕಿರುಹುಳುವಿನಲ್ಲಿ ಹುಟ್ಟುವ 1090 ಕೋಶಗಳ ಪೈಕಿ ನಿಯತವಾಗಿ 131 ಕೋಶಗಳು ಸಾಯುವುದನ್ನೂ, ಅದನ್ನು ಆಳುವ ಜೀನುಗಳಿರುವುದನ್ನೂ ತೋರಿಸಿದ ಕಾರ್ಯಕ್ಕೆ 2002ರ ನೊಬೆಲ್ ಪಾರಿತೋಷಕವು ಸಂದಿತು. 1993ರ ಹೊತ್ತಿಗೆ ಕುರುಡು ಇಲಿಗಳ ದಂಡಕೋಶಗಳೂ ಇದೇ ರೀತಿ ಸಾಯುತ್ತಿವೆಯೆಂಬುದು ಪ್ರಯೋಗಶಾಲೆಗಳಲ್ಲಿ ಸ್ಥಿರಪಟ್ಟಿತು.

ಮನುಷ್ಯರಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾದ ಮೊದಲ ದೋಷವನ್ನು 1990ರಲ್ಲಿ ಡ್ರೈಜಾ ಮತ್ತು ಸಹೋದ್ಯೋಗಿಗಳು ರೊಡಾಪ್ಸಿನ್ ಎಂಬ ದೃಗ್ವರ್ಣಕದ ಜೀನಿನಲ್ಲಿ ಗುರುತಿಸಿದ ಮೇಲೆ, ಇಂದಿನವರೆಗೆ ಎಂಬತ್ತಕ್ಕೂ ಹೆಚ್ಚು ಜೀನುಗಳು ಪಟ್ಟಿಗೆ ಸೇರಿವೆ. ಅವುಗಳಲ್ಲಿ ಅನೇಕವು ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಕಾಡುವಂಥವು. ಆದಕಾರಣ, 1980ರ ದಶಕದ ಸಮೀಕ್ಷೆಯೊಂದರಲ್ಲಿ ಮದುವೆಗಳ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದೊಳಗೇ, ಅದರಲ್ಲಿಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯಲ್ಲಿಯೇ ಹೆಚ್ಚಾಗಿ, ನಡೆದುವೆಂದು ತಿಳಿದುಬಂದ ಕರ್ನಾಟಕದವರಿಗೆ ಈ ಪಟ್ಟಿ ಪರದೇಶದ ವಾರ್ತೆಯಾಗಲಾರದು.

ಚಿಕಿತ್ಸೆಯ ಮಾತಿಗೆ ಬಂದರೆ, ಹುಟ್ಟಿನಿಂದಲೇ ದೃಷ್ಟಿ ಕುಂದಿರುವ ಲೆಬರ್ ಕುರುಡಿನ ಒಂದು ಬಗೆಯಲ್ಲಿ ಆರ್‌ಪಿಇ65 ಜೀನಿನ ದೋಷವಿದ್ದು, ಅದೇ ದೋಷವುಳ್ಳ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ನಿರಪಾಯಕಾರಿ ವೈರಸ್ಸಿನ ಮೂಲಕ ಸರಿಯಾದ ಜೀನನ್ನು ಸೇರಿಸಿ 2001ರಲ್ಲಿ ನೋಟವನ್ನು ಮರಳಿಸಲಾಯಿತು. 2017ರ ಡಿಸೆಂಬರಿನಲ್ಲಿ ಅಮೆರಿಕೆಯು ಮನುಷ್ಯರಿಗೂ ಈ ಚಿಕಿತ್ಸೆಗೆ ಅನುಮತಿಯಿತ್ತಿತು. ಎರಡು ಕಣ್ಣುಗಳಿಗೆ ಅದರ ಬೆಲೆ 2018ರಲ್ಲಿ 8,50,000 ಡಾಲರ್ ಆಗಿತ್ತು. ಬೆಲೆಗಿಂತ ಗಹನವಾದ ಸಂಗತಿಯೊಂದುಂಟು: ನೋಟವು ಸುಧಾರಿಸಿದರೂ ಅಪಕ್ಷಯವು ಕೆಲವು ರೋಗಿಗಳಲ್ಲಿ ಮುಂದುವರಿದೇ ಇರುವುದು 2013ರಲ್ಲಿ ಪ್ರಕಟವಾಯಿತು. ಮೂಲದೋಷವನ್ನು ತಿದ್ದಿದ ಮಾತ್ರಕ್ಕೆ, ಒಮ್ಮೆ ಆರಂಭವಾದ ಸಾವಿನ ವ್ಯಾಪಾರವು ನಿಲ್ಲಬೇಕೆಂದಿಲ್ಲ.

ಆ ವ್ಯಾಪಾರದ ಸುಳಿವು ದೊರೆತುದು ನರದ ಕಡೆಯಿಂದ. 1989ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು, ಕಡಿದ ನರವನ್ನು ಭಕ್ಷಕಕೋಶಗಳು ಹೊಗುವ ಬಗೆಯನ್ನು ಅರಸುತ್ತ, ಇಂಗ್ಲೆಂಡಿನಲ್ಲಿಯೇ ಬೆಳೆಸಿದ ಇಲಿಯ ತಳಿಯೊಂದನ್ನು ತರಿಸಿಕೊಂಡಿತು. ಒಂದೆರಡು ದಿನಗಳಲ್ಲಿ ಚಿಂದಿಯಾಗಬೇಕಿದ್ದ ತುಂಡುತಂತು ಆ ಇಲಿಗಳಲ್ಲಿ ವಾರಗಟ್ಟಲೆ ಅವಿಕಲವಾಗಿ ಉಳಿಯಿತು, ಸಂಕೇತವನ್ನೂ ಒಯ್ಯುತ್ತಿತ್ತು. ಪೋಷಣೆಯ ಮೂಲವು ಕಡಿದುಹೋಗಿಯೇ ಇತ್ತಾದ್ದರಿಂದ, ತಂತು ಉಪವಾಸದಿಂದ ಸಾಯುತ್ತದೆಂಬ 140 ವರ್ಷಗಳ ನಂಬಿಕೆ ಅಂದಿಗೆ ಕುಸಿಯಿತು. ಆ ಇಲಿಗಳಲ್ಲಿ ಎನ್‌ಎಡಿ ಎಂಬ ಅತ್ಯಾವಶ್ಯಕ ಅಣುವನ್ನು ಕಟ್ಟುವ ಎನ್‌ಎಮ್‌ಎನ್‌ಎಟಿ1 ಕಿಣ್ವವು ಮತ್ತೊಂದು ಜೀನಿನೊಡನೆ ಬೆಸೆದುಕೊಂಡಿರುವುದು 2001ರಲ್ಲಿ ತಿಳಿಯಿತು. 2012ರಲ್ಲಿ ಹಣ್ಣುನೊಣಗಳಿಂದ, ಸಾರ್ಮ್1 ಎಂಬ ಪ್ರೋಟೀನು ಇಲ್ಲದಿದ್ದರೆ ಕಡಿದ ತಂತು ನಶಿಸುವುದಿಲ್ಲವೆಂಬುದೂ ತಿಳಿಯಿತು. ಈ ಪ್ರೋಟೀನು ಅದೇ ಎನ್‌ಎಡಿಯನ್ನು ಹಾಳುಗೆಡಹುವ ಕಿಣ್ವವೆಂದು ಐದು ವರ್ಷಗಳ ತರುವಾಯ ಸಿದ್ಧವಾಯಿತು. ಅಂದರೆ ಕಡಿತದ ಸುದ್ದಿ ಮುಟ್ಟಿದೊಡನೆ ತಂತುವೇ ತನ್ನ ಉಗ್ರಾಣಕ್ಕೆ ಕೈಯಿಕ್ಕುತ್ತದೆ.

ಅದೇ 2012ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ, ಎನ್‌ಎಮ್‌ಎನ್‌ಎಟಿ1 ಜೀನಿನ ದೋಷವೇ ಮಕ್ಕಳಲ್ಲಿ ಲೆಬರ್ ಕುರುಡಿನ ಮತ್ತೊಂದು ಬಗೆಗೆ ಕಾರಣವೆಂದು ಪ್ರಕಟಿಸಿದುವು. ಆಕ್ಸ್‌ಫರ್ಡಿನ ಇಲಿಯ ನರವನ್ನು ಕಾಯುತ್ತಿದ್ದ ಕಿಣ್ವವೇ ಇಲ್ಲಿ ಕೈಕೊಟ್ಟು ಕಣ್ಣನ್ನು ಕೆಡಿಸುತ್ತಿತ್ತು. 2020ರಲ್ಲಿ ಆ ಜೀನನ್ನು ತೆಗೆದುಹಾಕಿದ ಇಲಿಗಳಲ್ಲಿ ಸಾರ್ಮ್1 ಅನ್ನೂ ತೆಗೆದಾಗ, ಬೆಳಕನ್ನು ಗ್ರಹಿಸುವ ಕೋಶಗಳು ಸಾಯದೆ ಉಳಿದುವು. ಸಾರ್ಮ್1 ಅನ್ನು ತಡೆಯಬಲ್ಲ ಔಷಧಗಳ ಹುಡುಕಾಟ ಈಗ ನಡೆದಿದೆ. ಕೀಲರನ ಇಲಿಯ ದಂಡಕೋಶಗಳಂತೆ ಬೇರೆ ಕಾರಣದಿಂದ ಸಾಯುವ ಕೋಶಗಳಿಗೆ ಅದರಿಂದ ಎಷ್ಟು ಉಪಯೋಗವೆಂಬುದನ್ನು ಮಾತ್ರ ಒಂದೊಂದು ಜೀನನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿಯೇ ಅರಿಯಬೇಕಾಗಿದೆ.