ಪಾಂಡವಪುರ ಉಪವಿಭಾಗದ ಉದ್ದಿಮೆಗಳ ಪರಿಸರ, ಸಾಮಾಜಿಕ ಹಾಗೂ ಆಡಳಿತ ಹೊಣೆಗಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡಿರುತ್ತದೆ. ಈ ತಾಲ್ಲೂಕುಗಳ ಸಕ್ಕರೆ ಕಾರ್ಖಾನೆ, ಕಲ್ಲು ಗಣಿ, ಜಲ್ಲಿ ಕ್ರಷರ್ ಮುಂತಾದ ಉದ್ದಿಮೆಗಳು ಪರಿಸರ, ಕಬ್ಬು ಬೆಳೆಗಾರರು ಹಾಗೂ ಸುತ್ತಲಿನ ಗ್ರಾಮಸ್ಥರ ವಿಷಯದಲ್ಲಿ ಹೊಂದಿರುವ ಹೊಣೆಯನ್ನು ಮತ್ತು ಆ ಬಗ್ಗೆ ನಾಗರಿಕರು ಅರ್ಜಿ ಸಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ವರದಿ ಯಾರಿಗೆ ಕಡ್ಡಾಯ

ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2022-23ನೇ ಆರ್ಥಿಕ ವರ್ಷದಿಂದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳಿಗೆ ವ್ಯಾವಹಾರಿಕ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಷೇರುಪೇಟೆಗೆ ಸೇರದ ಖಾಸಗಿ ಕಂಪನಿ, ಸಹಕಾರ ಸಂಘ ಅಥವಾ ಪಾಲುದಾರಿಕೆ ಸಂಸ್ಥೆಗೆ ಇದು ಅನ್ವಯಿಸುವುದಿಲ್ಲ. ಊರಿನ ಪಕ್ಕದ ಕ್ರಷರಿನ ವರದಿಯನ್ನು ಅಂತರ್ಜಾಲದಲ್ಲಿ ಹುಡುಕುವುದರಿಂದ ಪ್ರಯೋಜನವಾಗದು.

ಕಂಪನಿಗಳ ಅಧಿನಿಯಮ, 2013ರ 135ನೇ ಪ್ರಕರಣವೂ ಎಲ್ಲರಿಗೂ ಅನ್ವಯಿಸುವುದಿಲ್ಲ. ನಿವ್ವಳ ಸಂಪತ್ತು ರೂ. 500 ಕೋಟಿ, ವಹಿವಾಟು ರೂ. 1,000 ಕೋಟಿ ಅಥವಾ ನಿವ್ವಳ ಲಾಭ ರೂ. 5 ಕೋಟಿ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು. ತಾನು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡತಕ್ಕದ್ದು. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಮಾತ್ರಕ್ಕೆ ಕಬ್ಬಿನ ಬಾಕಿಯಾಗಲಿ ಹಳ್ಳಕ್ಕೆ ಬಿಟ್ಟ ತ್ಯಾಜ್ಯವಾಗಲಿ ಮನ್ನಾ ಆಗುವುದಿಲ್ಲ. ಆದ್ದರಿಂದ ಈ ಭಾಗದ ನಾಗರಿಕರಿಗೆ ಹೆಚ್ಚು ಉಪಯುಕ್ತವಾದುವು ಹಳೆಯ ಕಾನೂನುಗಳೇ.

ಕಬ್ಬಿನ ಹಣ ಪಾವತಿ

ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ ಹಾಗೂ ಕೃಷ್ಣರಾಜಪೇಟೆ ತಾಲ್ಲೂಕು ಮಾಕವಳ್ಳಿಯ ಕೋರಮಂಡಲ್ ಸಕ್ಕರೆ ಕಾರ್ಖಾನೆ ಈ ಉಪವಿಭಾಗದಲ್ಲಿವೆ. ಪಾಂಡವಪುರದ ಕಾರ್ಖಾನೆಯನ್ನು 2020ರಲ್ಲಿ ನಿರಾಣಿ ಶುಗರ್ಸ್ ಸಂಸ್ಥೆಗೆ 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಕಾರ್ಖಾನೆಯ ಹೆಸರು ಸಹಕಾರಿಯಾಗಿದ್ದರೂ ಕಬ್ಬನ್ನು ಖರೀದಿಸಿದವರೇ ಹಣ ಪಾವತಿಸಬೇಕಾದವರಾಗಿರುತ್ತಾರೆ. ಅರ್ಜಿಯಲ್ಲಿ ತೂಕದ ಚೀಟಿಯ ಮೇಲಿರುವ ಹೆಸರನ್ನೇ ನಮೂದಿಸತಕ್ಕದ್ದು.

ಕಬ್ಬು (ನಿಯಂತ್ರಣ) ಆದೇಶ, 1966ರ 3ನೇ ಖಂಡದಂತೆ, ಬೇರೆ ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ, ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಪ್ಪಿದಲ್ಲಿ ವಾರ್ಷಿಕ ಶೇ. 15ರ ಬಡ್ಡಿ ಸೇರುತ್ತದೆ. ಉದಾಹರಣೆಗೆ, ರೂ. 1 ಲಕ್ಷದ ಬಾಕಿಯು ಸದರಿ ಗಡುವಿನ ನಂತರ 90 ದಿನ ಉಳಿದರೆ ಬಡ್ಡಿಯೇ ಸುಮಾರು ರೂ. 3,700 ಆಗುತ್ತದೆ. ಬಹಳಷ್ಟು ಅರ್ಜಿಗಳಲ್ಲಿ ಅಸಲನ್ನು ಮಾತ್ರ ಕೇಳುವುದುಂಟು. ಬಡ್ಡಿಯನ್ನೂ ಸ್ಪಷ್ಟವಾಗಿ ಕೋರುವುದು ಸೂಕ್ತ. ಕೇಂದ್ರ ಸರ್ಕಾರವು 2025-26ನೇ ಹಂಗಾಮಿಗೆ ಶೇ. 10.25ರ ಇಳುವರಿಗೆ ಕ್ವಿಂಟಲಿಗೆ ರೂ. 355ರಂತೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರವನ್ನು ನಿಗದಿಪಡಿಸಿತು.

ಕಬ್ಬು ಅಭಿವೃದ್ಧಿ ಆಯುಕ್ತರು ಹಾಗೂ ಸಕ್ಕರೆ ನಿರ್ದೇಶಕರು, ಇವರಿಗೆ ಅರ್ಜಿ ಸಲ್ಲಿಸಿ ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ನೀಡಬಹುದು. ತೂಕದ ಚೀಟಿ, ಒಪ್ಪಂದವಿದ್ದಲ್ಲಿ ಅದರ ನಕಲು ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಯನ್ನು ಲಗತ್ತಿಸತಕ್ಕದ್ದು. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಆದೇಶದಲ್ಲಿ ಅವಕಾಶವಿದೆ.

ನೀರು, ಹೊಗೆ ಮತ್ತು ಬೂದಿ

ಸಕ್ಕರೆ ಹಾಗೂ ಡಿಸ್ಟಿಲರಿ ಘಟಕಗಳು ಅತಿ ಹೆಚ್ಚು ಮಾಲಿನ್ಯಕಾರಕವೆಂದು ಗುರುತಿಸಲಾದ 17 ವರ್ಗಗಳಿಗೆ ಸೇರಿವೆ. ಅವು ಜಲ ಅಧಿನಿಯಮ, 1974 ಮತ್ತು ವಾಯು ಅಧಿನಿಯಮ, 1981ರಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು, ಅದರ ಷರತ್ತುಗಳನ್ನು ಪಾಲಿಸಬೇಕು. ಜಲ ಅಧಿನಿಯಮದ 25ನೇ ಪ್ರಕರಣದಂತೆ ಮಂಡಳಿಯು ಈ ಷರತ್ತುಗಳ ವಹಿಯನ್ನು ನಿರ್ವಹಿಸುತ್ತದೆ. ಬಾಧಿತ ವ್ಯಕ್ತಿಯು ಅದನ್ನು ಕಚೇರಿ ವೇಳೆಯಲ್ಲಿ ಪರಿಶೀಲಿಸಬಹುದು. ಈ ಹಕ್ಕು ಹೆಚ್ಚಿನವರಿಗೆ ತಿಳಿದಿಲ್ಲ. 49ನೇ ಪ್ರಕರಣದಂತೆ 60 ದಿನಗಳ ನೋಟೀಸು ನೀಡಿ ನಾಗರಿಕರೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಅಂತಹ ದೂರುದಾರರು ಕೇಳಿದಲ್ಲಿ ಮಂಡಳಿಯು ತನ್ನಲ್ಲಿರುವ ಸಂಬಂಧಿತ ವರದಿಗಳನ್ನು ಸಾಮಾನ್ಯವಾಗಿ ಒದಗಿಸಬೇಕು.

ಆಲೆಮನೆಗಳು ಕಂಪನಿಗಳಲ್ಲವಾದರೂ, ಉರುವಲಾಗಿ ಟೈರು ಅಥವಾ ಪ್ಲಾಸ್ಟಿಕ್ ಸುಟ್ಟಲ್ಲಿ ಮಂಡಳಿಗೆ ದೂರು ನೀಡಬಹುದಾಗಿದೆ.

ಕಲ್ಲು ಗಣಿಗಾರಿಕೆ

ಕೃಷ್ಣರಾಜಸಾಗರ ಅಣೆಕಟ್ಟೆಯ ಸಮೀಪದ ಬೇಬಿ ಬೆಟ್ಟದ ಗಣಿಗಾರಿಕೆ ಹಲವು ವರ್ಷಗಳಿಂದ ವಿವಾದದಲ್ಲಿದೆ. ಸ್ಫೋಟದಿಂದ ಅಣೆಕಟ್ಟೆಗೆ ಅಪಾಯವೆಂಬುದು ರೈತರ ಆತಂಕ. ಕೆಲಸ ನಿಂತರೆ ಜೀವನೋಪಾಯ ಹೋಗುವುದೆಂಬುದು ಗಣಿಯನ್ನು ಅವಲಂಬಿಸಿದವರ ಅಹವಾಲು. ಕರ್ನಾಟಕ ಉಚ್ಚ ನ್ಯಾಯಾಲಯವು ಅಣೆಕಟ್ಟೆ ಸುರಕ್ಷತಾ ಅಧಿನಿಯಮ, 2021ರ ಹಿನ್ನೆಲೆಯಲ್ಲಿ, 2024ರ ಜನವರಿಯಲ್ಲಿ ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯ ಗಣಿಗಾರಿಕೆಗೆ ತಡೆ ನೀಡಿತು. ಸ್ಫೋಟ ಅಥವಾ ಅನಧಿಕೃತ ಸಾಗಣೆ ಕಂಡುಬಂದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಹಾಗೂ ತಹಶೀಲ್ದಾರರಿಗೆ ದಿನಾಂಕ, ವೇಳೆ ಮತ್ತು ಸರ್ವೆ ನಂಬರ್ ಸಹಿತ ಲಿಖಿತವಾಗಿ ತಿಳಿಸತಕ್ಕದ್ದು.

ಮಾಹಿತಿ ಪಡೆಯುವ ಕ್ರಮ

ಖಾಸಗಿ ಕಂಪನಿಗೆ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಸಲ್ಲಿಸಲಾಗದು. ಆದರೆ ಕಂಪನಿಯಿಂದ ಸರ್ಕಾರಿ ಪ್ರಾಧಿಕಾರವು ಕಾನೂನಿನ ಮೂಲಕ ಪಡೆಯಬಹುದಾದ ಮಾಹಿತಿಯು ಮಾಹಿತಿ ಹಕ್ಕು ಅಧಿನಿಯಮ, 2005ರ ವ್ಯಾಪ್ತಿಗೆ ಬರುತ್ತದೆ. ಸಮ್ಮತಿ ಪತ್ರ ಮತ್ತು ತಪಾಸಣಾ ವರದಿಗಾಗಿ ಮಂಡಳಿಯ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗಿರಬೇಕು, ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ ಇದೆ. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಅಲ್ಲಿಂದ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲನೆಯ ಮೇಲ್ಮನವಿ ಸಲ್ಲಿಸಬಹುದು.